ಹಳದಿ ಛತ್ರಿಯ ಹಿಂದೆ

ಆರು ವರ್ಷದ ಹಿಂದೆ, ಮದುವೆ ಮಾತುಕತೆಯ ದಿನ, ಮೀಟರಣ್ಣನ ಬಾಯಿಂದ ಒಂದೇ ಒಂದು ಸುಳ್ಳು ಜಾರಿತ್ತು. ಹುಡುಗಿಯ ಅಪ್ಪ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ಮೇಷ್ಟ್ರು ಅಂತ ತಿಳಿದದ್ದೇ ತಡ, "ನನಗೂ ಇತಿಹಾಸ ಅಂದ್ರೆ ಪ್ರಾಣ. ನಮ್ಮೂರಿನ ಒಂದೊಂದು ಕಲ್ಲಿನ ಕತೆಯೂ ಗೊತ್ತು" ಅಂದುಬಿಟ್ಟಿದ್ದ. ಹುಡುಗಿ ತಲೆ ಎತ್ತಿ ನೋಡಿ ನಕ್ಕಳು. ಮದುವೆ ಆಯಿತು. ಸುಳ್ಳು ಮನೆಯ ಒಂದು ಮೂಲೆ ಹಿಡಿದು ಹಾಯಾಗಿ ಮಲಗಿತು.

ಅದು ಎದ್ದು ಕೂತದ್ದು ಇವತ್ತು ಬೆಳಿಗ್ಗೆ. ಮೊದಲ ಸಲ ಮಗಳ ಮನೆಗೆ ಬಂದಿದ್ದ ಮಾವ, ಕಾಫಿ ಲೋಟ ಕೆಳಗಿಟ್ಟು, "ಅಳಿಯಂದಿರೇ, ಇವತ್ತು ಊರೆಲ್ಲ ತೋರಿಸಿಬಿಡಿ" ಅಂದರು.

ಮೀಟರಣ್ಣ ಅಂದರೆ ನೀರಿನ ಮೀಟರ್ ಓದುವವನು. ಯಾವ ಬೀದಿಯ ಪೈಪು ಎಲ್ಲಿ ಸೋರುತ್ತದೆ ಅಂತ ಕೇಳಿ, ನಿದ್ದೆಗಣ್ಣಲ್ಲೂ ಹೇಳಿಯಾನು. ಊರಿನ ಕೋಟೆಯನ್ನು ಮಾತ್ರ ಅವನು ಕಂಡದ್ದು ಬಸ್ಸಿನ ಕಿಟಕಿಯಿಂದ, ಅದೂ ಮುಂದಿನವನ ತಲೆ ಅಡ್ಡ ಇಲ್ಲದ ದಿನ. ಎದುರುಮನೆಯ ಟೈಲರಕ್ಕನ ಹತ್ತಿರ ಓಡಿದ.

"ಇವಳು ಆರು ವರ್ಷದಿಂದ ಬೀದಿಗೆಲ್ಲ ಡಂಗುರ ಹೊಡೆದಿದ್ದಾಳೆ ಅಕ್ಕ, ನನ್ನ ಗಂಡನಿಗೆ ಗೊತ್ತಿಲ್ಲದ ಇತಿಹಾಸವೇ ಇಲ್ಲ ಅಂತ. ಅವಳ ಮುಂದೆ ನನ್ನ ಮಾನ ಮೂರಾಬಟ್ಟೆ ಆಗುತ್ತೆ."

ಟೈಲರಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು. "ಅಷ್ಟೇನಾ? ಯಾರಾದ್ರೂ ಗೈಡ್ ಹಿಂದೆ ನಿಂತ್ಕೊ. ಅವರು ಅಂದಿದ್ದನ್ನ ನೀನೂ ಅನ್ನು."

ಕೋಟೆಯ ಬಾಗಿಲಲ್ಲೇ ಹಳದಿ ಛತ್ರಿ ಹಿಡಿದ ಗೈಡಮ್ಮ ಒಬ್ಬಳು ಸಿಕ್ಕಳು. ಅವಳ ಹಿಂದೆ ಹನ್ನೆರಡು ಜನ. ಅವರ ಹಿಂದೆ ಮೀಟರಣ್ಣ, ಕಿವಿ ಮುಂದೆ ಬಿಟ್ಟುಕೊಂಡು.

"ಈ ಬಾಗಿಲು ಮುಚ್ಚೋಕೆ ನಲವತ್ತು ಜನ ಬೇಕಿತ್ತು," ಅಂದಳು ಅವಳು.

"ನಲವತ್ತು ಜನ ಬೇಕಿತ್ತು ಮಾವ," ಅಂದ ಇವನು.

"ಓಹೋ!" ಅಂದರು ಮಾವ.

ಅರ್ಧ ಗಂಟೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಆಮೇಲೆ ಗೈಡಮ್ಮನ ನಡಿಗೆ ಬಿರುಸಾಯಿತು. ಕೊಳದ ಹತ್ತಿರ ಕೇಳಿದ್ದನ್ನು ಇವನು ಹೇಳುವಷ್ಟರಲ್ಲಿ ಅಡುಗೆಮನೆ ಬಂದಿತ್ತು.

"ರಾಣಿ ದಿನಾ ಬೆಳಿಗ್ಗೆ ಇದರೊಳಗೇ ಈಜಾಡ್ತಿದ್ದಳು ಮಾವ."

ಎದುರಿಗಿದ್ದದ್ದು ಆಳೆತ್ತರದ ಒಲೆ. ಮಾವ ಬಗ್ಗಿ ಒಲೆಯೊಳಗೆ ನೋಡಿದರು. "ಧೈರ್ಯವಂತೆ," ಅಂದರು.

ಮೀಟರಣ್ಣ ಗಾಬರಿಯಲ್ಲಿ ಗೈಡಮ್ಮನ ಮುಂದಿನ ಮಾತನ್ನೂ ಹಾಗೇ ಒಪ್ಪಿಸಿದ. "ಎಡಗಡೆ ಶೌಚಾಲಯ ಮಾವ."

"ಯಾವ ಕಾಲದ್ದು?"

"ಹೋದ ವರ್ಷದ್ದು."

ಮಾವ ಅದಕ್ಕೂ ತಲೆದೂಗಿದರು. ಒಂದು ಕಡೆಯೂ ಅಡ್ಡಪ್ರಶ್ನೆ ಇಲ್ಲ, ತಿದ್ದುವುದಿಲ್ಲ. ಪುಣ್ಯಾತ್ಮ ಒಳಗೊಳಗೇ ಅಂಕ ಕಳೆಯುತ್ತಿದ್ದಾರೆ ಅಂದುಕೊಂಡ ಮೀಟರಣ್ಣ. ಅವರ ಮುಖ ಅರಳಿದ್ದು ಒಂದೇ ಕಡೆ, ಅರಮನೆಯ ದೊಡ್ಡ ಅಂಗಳದಲ್ಲಿ. "ಆಹಾ! ಎರಡು ಸಾವಿರ ಮಕ್ಕಳನ್ನ ಸಾಲಾಗಿ ನಿಲ್ಲಿಸಬಹುದು ಅಳಿಯಂದಿರೇ, ಕೈ ಚಾಚಿದ್ರೂ ಒಬ್ಬರಿಗೊಬ್ಬರು ತಾಗಲ್ಲ!"

ಅಲ್ಲಿಗೇ ಮುಗಿಸಿ ಮನೆಗೆ ಹೋಗೋಣ ಅಂದುಕೊಂಡರೆ, ಗೈಡಮ್ಮ ತನ್ನ ಬಸ್ಸಿನ ಬಾಗಿಲಲ್ಲಿ ತಲೆ ಎಣಿಸುತ್ತಿದ್ದವಳು ಇವರನ್ನು ಕಂಡು ಸಿಡುಕಿದಳು. "ಬೆಳಿಗ್ಗೆಯಿಂದ ನೀವಿಬ್ಬರೇ ಹಿಂದೆ ಬೀಳೋದು! ಹತ್ತಿ, ಹತ್ತಿ!" ನಾವು ನಿಮ್ಮ ಗುಂಪಿನವರಲ್ಲ ಅನ್ನೋಣ ಅಂದರೆ ಮಾವನ ಮುಂದೆ ಬಣ್ಣ ಬಯಲು. ಅಷ್ಟರಲ್ಲಿ ಮಾವ, "ಬಸ್ಸನ್ನೂ ಗೊತ್ತುಮಾಡಿದ್ದೀರಾ!" ಅಂತ ಹತ್ತಿ ಕೂತಾಗಿತ್ತು.

ಮೂರು ಗೋರಿ, ಎರಡು ಹೆಬ್ಬಾಗಿಲು, ಮೂಗು ಮುರಿದ ವಿಗ್ರಹಗಳಿದ್ದ ಒಂದು ಮ್ಯೂಸಿಯಂ. ಕೊನೆಗೆ ಇನ್ನೂರ ಹನ್ನೆರಡು ಮೆಟ್ಟಿಲಿನ ಗಡಿಯಾರದ ಗೋಪುರ. ನೂರ ನಲವತ್ತನೆಯ ಮೆಟ್ಟಿಲಲ್ಲಿ ಹೆಂಡತಿಯ ಫೋನು ಬಂತು.

"ಅಪ್ಪ ಹೇಗಿದ್ದಾರೆ?"

ಮಾವ ಗೋಡೆಗೊರಗಿ ತಿದಿ ಒತ್ತಿದ ಹಾಗೆ ಉಸಿರುಬಿಡುತ್ತಿದ್ದರು. "ತುದಿಗೆ ಹೋಗಬೇಕು ಅಂತ ತವಕ ಪಡ್ತಿದ್ದಾರೆ," ಅಂದ ಮೀಟರಣ್ಣ.

"ಅಳಿಯಂದಿರು ಬಿಡ್ತಾನೇ ಇಲ್ಲ ಮಗಳೇ," ಮಾವ ಅಲ್ಲಿಂದಲೇ ಕೂಗಿದರು, "ಅಷ್ಟು ಉತ್ಸಾಹ!"

ಸಂಜೆ ಮನೆ ಮುಂದಿನ ಜಗುಲಿ ತಲುಪಿದಾಗ ಇಬ್ಬರಿಗೂ ಹೊಸಿಲು ದಾಟುವ ತ್ರಾಣ ಇರಲಿಲ್ಲ. ಅಲ್ಲೇ ಕುಸಿದು ಕೂತರು. ಮಾವನ ಊದಿದ ಕಾಲು ನೋಡಿ ಮೀಟರಣ್ಣನ ಕರುಳು ಚುರುಕ್ ಅಂದಿತು. ಇನ್ನು ತಡೆಯಲಾರದೆ ಹಳದಿ ಛತ್ರಿಯಿಂದ ಹಿಡಿದು ಆರು ವರ್ಷದ ಹಿಂದಿನ ಸುಳ್ಳಿನ ತನಕ ಎಲ್ಲ ಕಕ್ಕಿಬಿಟ್ಟ. "ನನಗೆ ಇತಿಹಾಸದ ಗಂಧಗಾಳಿ ಇಲ್ಲ ಮಾವ. ಬೈದುಬಿಡಿ."

ಮಾವನ ಭುಜ ಕುಲುಕಿತು. ಅಳುತ್ತಿದ್ದಾರೆ ಅಂದುಕೊಂಡರೆ, ಬಿದ್ದು ಬಿದ್ದು ನಗುತ್ತಿದ್ದರು.

"ನಾನು ಕೆಲಸಕ್ಕೆ ಸೇರಿದ್ದು ಡ್ರಿಲ್ ಮೇಷ್ಟ್ರಾಗಿ, ಅಳಿಯಂದಿರೇ. ಇತಿಹಾಸದವರಿಗೆ ವರ್ಗ ಆಯ್ತು. ಬೇರೆಯವರು ಬರೋವರೆಗೆ ನೋಡ್ಕೊಳ್ಳಿ ಅಂತ ಹೆಡ್ ಮೇಷ್ಟ್ರು ಪುಸ್ತಕ ಕೈಗಿಟ್ಟರು. ಮೂವತ್ತು ವರ್ಷ ಆದರೂ ಆ ಬೇರೆಯವರು ಬರಲೇ ಇಲ್ಲ. ಒಲೆಯಲ್ಲಿ ಈಜ್ತಾರೋ ಇಲ್ವೋ ನನಗೇನು ಗೊತ್ತು? ನಿಮ್ಮ ಮನಸ್ಸು ನೋಯಬಾರದು ಅಂತ ಸುತ್ತಿದೆ ಅಷ್ಟೇ!"

ಆರು ವರ್ಷದಲ್ಲಿ ಮೊದಲ ಸಲ ಮೀಟರಣ್ಣನಿಗೆ ಮಾವನ ಭಯ ಹೋಗಿ ಅವರ ಮೇಲೆ ಪ್ರೀತಿ ಉಕ್ಕಿತು. ನಾಳೆ ಹತ್ತು ಗಂಟೆವರೆಗೆ ಮುಸುಕು ಹೊದ್ದು ಮಲಗುವುದು ಅಂತ ಇಬ್ಬರೂ ಕೈ ಕೈ ಹಿಡಿದು ತೀರ್ಮಾನಿಸಿದರು.

ಬಾಗಿಲು ತೆರೆಯಿತು. ಹೆಂಡತಿಯ ಕೈಯಲ್ಲಿ ಉದ್ದನೆಯ ಚೀಟಿ.

"ನೋಡೋದು ಇನ್ನೂ ನಲವತ್ತು ಜಾಗ ಇದೆಯಂತೆ, ಟೈಲರಕ್ಕ ಬರೆದುಕೊಟ್ಟಳು. ನಿಮ್ಮ ಸಾಹೇಬರಿಗೆ ಫೋನ್ ಮಾಡಿ ನಾಲ್ಕು ದಿನ ರಜೆ ಕೇಳಿದ್ದೀನಿ, ಒಪ್ಪಿದ್ರು. ನಾನೂ ಬರ್ತೀನಿ." ಅವಳು ಅಪ್ಪನ ಕಡೆ ತಿರುಗಿದಳು. "ಆವತ್ತು ಇವರನ್ನ ಯಾಕೆ ಒಪ್ಪಿದೆ ಗೊತ್ತಾ ಅಪ್ಪಾ? ನಿಮ್ಮ ಥರಾನೇ ಇತಿಹಾಸದ ಹುಚ್ಚು ಇದೆಯಲ್ಲ ಅಂತ. ನಿಮ್ಮಿಬ್ಬರ ಮಧ್ಯೆ ನಡೀತಾ, ನೀವು ಹೇಳೋದನ್ನೆಲ್ಲ ಕೇಳಬೇಕು ಅಂತ ಆರು ವರ್ಷದ ಆಸೆ ನನಗೆ."

ಗಂಡಸರು ಮುಖ ಮುಖ ನೋಡಿಕೊಂಡರು.

"ಎಷ್ಟು ಗಂಟೆಗೆ ಹೊರಡೋದು ಮಗಳೇ?" ಅಂದರು ಮಾವ.

"ಆರಕ್ಕೆ!" ಅವಳು ಕುಣಿಯುತ್ತಾ ಒಳಗೆ ಹೋದಳು.

ಮಾವ ಅಳಿಯನ ಕಿವಿಗೆ ಬಗ್ಗಿದರು. "ಆ ಹಳದಿ ಛತ್ರಿ ನಾಳೆಯೂ ಇರುತ್ತೆ ತಾನೇ?"

"ಬಸ್ಸು ಇಳಿಯುವಾಗ ಕೇಳಿದೆ ಮಾವ," ಅಂದ ಮೀಟರಣ್ಣ. "ನಾಳೆಯಿಂದ ಅವಳಿಗೂ ನಾಲ್ಕು ದಿನ ರಜೆಯಂತೆ."