ಗುಟ್ಟಿನ ಕೊರಳಪಟ್ಟಿ

"ಇನ್ಮೇಲೆ ಈ ಮನೆಯ ಒಂದು ಮಾತೂ ಕಾಂಪೌಂಡ್ ದಾಟಲ್ಲ!" ಎಂದು ಘೋಷಿಸಿ, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾಗಿದ್ದ ನಂಜುಂಡಾರಾಧ್ಯರು ಹೆಂಡತಿಯ ಕೊರಳಿಗೆ ಕಪ್ಪು ಪಟ್ಟಿಯೊಂದನ್ನು ಬಿಗಿದೇಬಿಟ್ಟರು.

"ರೀ, ಸಂಜೆ ನೋಡ್ಕೊಳ್ಳೋಣ ರೀ! ಹನ್ನೊಂದಕ್ಕೆ ಸಾಹೇಬ್ರು ಬರ್ತಾರೆ!"

ಗಿರಿಜಾಂಬ ಕೆರೆಕೋಡಿ ಬಡಾವಣೆಯ ಪುಟ್ಟ ಲೈಬ್ರರಿಯ ಲೈಬ್ರರಿಯನ್. ದಿನಕ್ಕೆ ನಾಲ್ಕು ಜನ ಬರುವ ಲೈಬ್ರರಿ ಯಾಕೆ ಬೇಕು, ಮುಚ್ಚಿಬಿಡೋಣ ಎಂಬ ಮಾತು ಮೇಲಿನಿಂದ ಬಂದಿತ್ತು. ಆ ನಾಲ್ವರಲ್ಲೂ ಇಬ್ಬರು ಬರುತ್ತಿದ್ದುದು ಫ್ಯಾನಿನ ಗಾಳಿಗೆ! ಇವತ್ತು ಬರುವ ಅಧಿಕಾರಿಗೆ ಏನು ಹೇಳಬೇಕೆಂದು ಅವರು ಎರಡು ದಿನದಿಂದ ಮಾತು ಜೋಡಿಸಿಕೊಂಡಿದ್ದರು. ಆರಾಧ್ಯರಿಗೆ ಅದರ ಗೊಡವೆಯೇ ಇಲ್ಲ. ಹೆಂಡತಿಯ ಲೈಬ್ರರಿಗೆ ಅವರು ಇಂದಿನವರೆಗೆ ಮೆಂಬರ್ ಕೂಡ ಆಗಿರಲಿಲ್ಲ.

"ಐದೇ ನಿಮಿಷ ಕಣೇ! ಪಟ್ಟಿ ನಿನ್ನ ದನಿ ನುಂಗಿ, ಹೊರಗಡೆಗೆ ಗುಪ್ತ ಭಾಷೇಲಿ ಮಾತಾಡುತ್ತೆ. ನನ್ನ ಕಿವೀಲಿರೋ ಈ ಗುಂಡಿಗೆ ಮಾತ್ರ ಸರಿಯಾಗಿ ಕೇಳುತ್ತೆ. ಪಕ್ಕದ್ಮನೆ ಹಾಲಮ್ಮ ಕಿವಿ ನಿಮಿರಿಸ್ಕೊಂಡು ಕೂತಿರಲಿ!"

ಹಾಲಮ್ಮನ ಕಿವಿ ಸಾಮಾನ್ಯದ್ದಲ್ಲ. ಈ ಮನೆಯಲ್ಲಿ ಯಾರಾದರೂ ಸೀನಿದರೆ ಬಸ್‌ಸ್ಟ್ಯಾಂಡಿನಲ್ಲಿದ್ದವರು ಕಷಾಯ ಮಾಡುವುದು ಹೇಗೆಂದು ಹೇಳುತ್ತಿದ್ದರು.

ಪಟ್ಟಿಯ ಪ್ರೋಗ್ರಾಮು ಕಂಪ್ಯೂಟರಿನಲ್ಲಿ ತಯಾರಾಗುತ್ತಿತ್ತು. ಪರದೆಯ ಮೇಲೆ ಫಕ್ಕನೆ ಕೆಂಪು ಸಾಲು ಮೂಡಿತು: 'ಲೈಬ್ರರಿ ಸಿಗುತ್ತಿಲ್ಲ. ಎಲ್ಲಿದೆ ತಿಳಿಸಿ.'

"ಥತ್! ಮನೇಲೇ ಇದೆ, ಕಾಣಲ್ವಾ ಇದಕ್ಕೆ?"

"ಮನೇಲಿ ಯಾವ ಲೈಬ್ರರಿ ರೀ?"

"ನಿನ್ನ ಪುಸ್ತಕದ್ದಲ್ಲ ಕಣೇ! ಮಾತನ್ನ ಗುಟ್ಟು ಮಾಡೋ ಸೂತ್ರಗಳ ಕಟ್ಟಿಗೂ ಲೈಬ್ರರಿ ಅಂತಾರೆ. ನಿನ್ನೆ ನಾನೇ ಇದಕ್ಕೆ ಹಾಕಿದೀನಿ. ಕಿವಿ ಗುಂಡಿಗೆ ಸಿಕ್ಕಿದ್ದು ಕೊರಳಿಗೆ ಯಾಕೆ ಸಿಗಲ್ಲ?"

ನಾಲ್ಕು ಸಲ ವಿಳಾಸ ಕೊಟ್ಟರು. ನಾಲ್ಕು ಸಲವೂ ಅದೇ ಕೆಂಪು ಸಾಲು. ಆರಾಧ್ಯರು ಸ್ಕ್ರೂಡ್ರೈವರ್ ತರಲು ಎದ್ದರು. ಸಾಫ್ಟ್‌ವೇರ್ ಕೆಟ್ಟರೂ ಸ್ಕ್ರೂಡ್ರೈವರ್ ಹುಡುಕುವುದು ಅವರ ಹಳೆಯ ಚಾಳಿ.

ಗಂಟೆ ಹತ್ತೂಕಾಲು. ಗಿರಿಜಾಂಬರ ತಾಳ್ಮೆ ಕೆಟ್ಟಿತು. ಎಲ್ಲಿದೆ ಅಂತ ಅದು ಕೇಳುತ್ತಿದೆ, ಹೇಳಿದರಾಯಿತು! 'ನಮ್ಮೂರ ಲೈಬ್ರರಿ' ಎಂದು ಟೈಪ್ ಮಾಡಿದರು. ಗೆದ್ದಲಿಗೆ ಹೆದರಿ ಲೈಬ್ರರಿಯ ಒಂದೊಂದು ಪುಸ್ತಕದ ಒಂದೊಂದು ಪುಟದ ಫೋಟೊ ತೆಗೆದು, ಪುಸ್ತಕದ ನಂಬರಿನ ಸಮೇತ ಅದೇ ಹೆಸರಿನಲ್ಲಿ ಅದೇ ಕಂಪ್ಯೂಟರಿಗೆ ಅವರೇ ತುಂಬಿಟ್ಟಿದ್ದರು.

'ಸಿಕ್ಕಿತು!' ಎಂದು ಪರದೆ ಹಸಿರಾಯಿತು. ಕೊರಳಲ್ಲಿ ಟಕ್ ಎಂದಿತು.

"ರೀ, ಸರಿಹೋಯ್ತು" ಎಂದು ಅವರು ಕೂಗಿದರು. ಹೊರಬಿದ್ದದ್ದು ಬೇರೆಯೇ!

"ಇನ್ನೂರ ಆರು, ಹದಿನೆಂಟು, ನಾಲ್ಕು! ಐವತ್ತೊಂದು, ತೊಂಬತ್ತು, ಏಳು!"

ಗಿರಿಜಾಂಬ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಓಡಿಬಂದ ಆರಾಧ್ಯರ ಕಿವಿಯ ಗುಂಡಿಯಲ್ಲಿ ಬರೀ ಗೊರಗೊರ ಸದ್ದು.

"ಅಯ್ಯಯ್ಯೋ! ಕಿವಿಯದ್ದು ಒಂದು ಲೈಬ್ರರಿ, ಕೊರಳಿಂದು ಇನ್ನೊಂದು! 'ತೆಗೆ' ಅನ್ನು, ಪಟ್ಟಿ ತಾನಾಗೇ ಬಿಚ್ಕೊಳ್ಳುತ್ತೆ!"

ಗಿರಿಜಾಂಬ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹೇಳಿದರು. "ಎಂಟುನೂರ ಮೂರು, ಅರವತ್ತು, ಎರಡು!" ಪಟ್ಟಿ ಅಲುಗಲಿಲ್ಲ.

"ಒಳಗೆ ಉಕ್ಕಿನ ತಂತಿ ಬೇರೆ ಹಾಕಿದೀನಿ, ಕಳ್ಳರು ಕತ್ತರಿಸಬಾರದು ಅಂತ" ಎಂದು ಅಷ್ಟರಲ್ಲೂ ಹೆಮ್ಮೆಪಟ್ಟ ಆರಾಧ್ಯರು, ಕಟರ್ ತರಲು ಬಸ್‌ಸ್ಟ್ಯಾಂಡಿನಾಚೆಯ ಗ್ಯಾರೇಜಿಗೆ ಓಡಿದರು. ಹಿಂದಿನಿಂದ ಎರಡು ನಿಮಿಷ ಅಂಕಿಗಳ ಮಳೆ! ಮದುವೆಯಾದ ಮೂವತ್ತು ವರ್ಷದಲ್ಲಿ ಬೈಗುಳ ಅವರಿಗೆ ತಾಗದೇ ಹೋದದ್ದು ಅದೇ ಮೊದಲು.

ಗಿರಿಜಾಂಬ ಕಣ್ಣು ಒರೆಸಿಕೊಳ್ಳುತ್ತ ಲೈಬ್ರರಿಯ ಬೀಗ ತೆಗೆದರು. ಜೋಡಿಸಿಕೊಂಡ ಮಾತೆಲ್ಲ ನೀರುಪಾಲು. ಹಿಂದೆಯೇ ಹಾಲಮ್ಮ ಹಾಜರ್!

"ಗಿರಿಜಕ್ಕ, ಅದೇನೋ ಎಂಟುನೂರ ಮೂರು ಅಂತಿದ್ರಲ್ಲ, ಏನ್ರೀ ಅದು?"

ಎಂಟುನೂರ ಮೂರು! ಗಿರಿಜಾಂಬ ಬೆಚ್ಚಿಬಿದ್ದರು. ಅವರೇ ಪುಸ್ತಕದ ಬೆನ್ನಿಗೆ ಅಂಟಿಸಿದ ನಂಬರು! ಆ ನಂಬರಿನ ಅಡುಗೆ ಪುಸ್ತಕ ಎಳೆದು ಅರವತ್ತನೆಯ ಪುಟ ಬಿಡಿಸಿದರು. ಎರಡನೆಯ ಪದ: 'ತೆಗೆ'. ಪುಸ್ತಕ, ಪುಟ, ಪದ! ಅವರು ಬೆರಳಿಟ್ಟು ತೋರಿಸಿದರು. ಹಾಲಮ್ಮನ ಬಾಯಿ ಅಷ್ಟಗಲವಾಯಿತು.

"ಅಂದ್ರೆ ನೀವು ಹೇಳೋದೆಲ್ಲ ಇದರೊಳಗೇ ಇದೆಯಾ?"

ತಿಳಿಯದೆ ಉಳಿದ ಮಾತನ್ನು ಹಾಲಮ್ಮ ಸಹಿಸಿದವಳೇ ಅಲ್ಲ. ಐದು ನಿಮಿಷದಲ್ಲಿ ಹನ್ನೆರಡು ಪುಸ್ತಕ ಎಳೆದಳು. ಆಮೇಲೆ ಫೋನು. "ಎಲ್ರೂ ಬನ್ರೇ! ಗಿರಿಜಕ್ಕ ಏನೇನೋ ಅಂತಿದಾರೆ, ನನ್ನೊಬ್ಬಳ ಕೈಲಿ ಹುಡುಕಕ್ಕಾಗ್ತಿಲ್ಲ!"

ಹನ್ನೊಂದಕ್ಕೆ ಬಂದ ಅಧಿಕಾರಿ ವಿರೂಪಾಕ್ಷಪ್ಪ ಬಾಗಿಲಲ್ಲೇ ದಂಗಾಗಿ ನಿಂತರು. ಕಾಲಿಡಲು ಜಾಗವಿಲ್ಲ! ಏಣಿಯ ಮೇಲೆ ಇಬ್ಬರು, ನೆಲದ ಮೇಲೆ ಮಹಿಳಾ ಸಂಘ, ಒಂದೇ ನಿಘಂಟಿಗೆ ಮೂವರ ಜಗ್ಗಾಟ!

"ಏನಮ್ಮ ಇದು? ದಿನಾ ಹೀಗೇನಾ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಗಿರಿಜಾಂಬ ತಲೆ ತಗ್ಗಿಸಿದರು. "ಆರುನೂರ ಒಂಬತ್ತು, ಮೂರು, ಒಂದು."

ಹಾಲಮ್ಮ ಚಕ್ಕನೆ ಪುಸ್ತಕ ತೆಗೆದು ಮನಸ್ಸಿನಲ್ಲೇ ಓದಿಕೊಂಡಳು. ಅಲ್ಲಿದ್ದ ಪದ ತಾವು ಹೇಳಿದ 'ಇಲ್ಲ' ಎಂದು ಗಿರಿಜಾಂಬರಿಗೆ ಗೊತ್ತು. ಹಾಲಮ್ಮನಿಗೆ ಸಿಕ್ಕ ಮಾತು ಊರಿಗೇ ಸಿಕ್ಕಂತೆ. ಮುಗಿಯಿತು, ಲೈಬ್ರರಿ ಹೋಯಿತು ಎಂದು ಅವರು ಕಣ್ಣು ಮುಚ್ಚಿಕೊಂಡರು.

ಹಾಲಮ್ಮ ಪುಸ್ತಕ ಮಡಚಿ ಕಂಕುಳಲ್ಲಿ ಅವುಚಿಕೊಂಡಳು.

"ಹೌದು ಅಂತಾರೆ ಸಾರ್. ಹಬ್ಬದ ದಿನ ಇನ್ನೂ ಸ್ವಲ್ಪ ಜಾಸ್ತಿ."

"ಇದನ್ನ ಮುಚ್ಚಬೇಕು ಅಂದವರು ಯಾರು?" ಎಂದು ಗೊಣಗುತ್ತ ವಿರೂಪಾಕ್ಷಪ್ಪನವರು ವರದಿ ಬರೆದುಕೊಂಡು ಹೋದರು.

ಗಿರಿಜಾಂಬ ಹಾಲಮ್ಮನ ಕೈ ಹಿಡಿದುಕೊಂಡು ಮೂರು ಅಂಕಿ ಹೇಳಿದರು. ಆ ಕ್ಷಣಕ್ಕೆ ಕಟರ್ ಹಿಡಿದು ಏದುಸಿರು ಬಿಡುತ್ತ ಆರಾಧ್ಯರು ನುಗ್ಗಿದರು.

"ಏನಂದ್ಲು? ಏನಂದ್ಲು ಇವಳು?"

"ಅದು ನಮ್ಮಿಬ್ಬರ ಗುಟ್ಟು ಆರಾಧ್ಯರೇ," ಎಂದಳು ಹಾಲಮ್ಮ. "ಬೇಕಾದ್ರೆ ಮೆಂಬರ್ ಆಗಿ."