ನಾನು ಓರಣ ಮಾಡಿದ ಹಲಗೆ

ನಾಚಿಕೆ ಸ್ವಭಾವದವರಿಂದ ಯಾರಿಗೂ ತೊಂದರೆಯಿಲ್ಲ ಎಂದು ಲೋಕ ನಂಬಿಕೊಂಡಿದೆ. ಅದು ತಪ್ಪು. ಮಾತುಗಾರರು ಬಾಯಿಯಿಂದ ಮಾಡುವ ಅನಾಹುತವನ್ನು ನಮ್ಮಂಥವರು ಸದ್ದಿಲ್ಲದೆ ಕೈಯಿಂದ ಮಾಡಿಬಿಡುತ್ತೇವೆ. ನಾಲ್ಕು ಜನರಿರುವ ಕಡೆ ನನಗೆ ಕಣ್ಣೆತ್ತಲು ಆಗುವುದಿಲ್ಲ, ಬಾಯಿ ತೆರೆಯಲು ಆಗುವುದಿಲ್ಲ. ಉಳಿದದ್ದು ಕೈ, ಅದು ಸುಮ್ಮನಿರುವುದಿಲ್ಲ. ಓರೆಯಾದ ಪಟ ಕಂಡರೆ ನೇರ ಮಾಡುತ್ತದೆ, ಮಡಚಿಕೊಂಡ ಕಾಲೊರಸು ಕಂಡರೆ ಬಿಡಿಸಿ ಹಾಸುತ್ತದೆ. ಒಮಾನಿನ ಬರ್ಕಾದ ಒಂದು ಅಂಗಡಿಯಲ್ಲಿ ನಿಮ್ಮ ಅಪ್ಪ ಮೀನು ಆರಿಸಿ ಮುಗಿಸುವಷ್ಟರಲ್ಲಿ ನಾನು ಒಂದು ಸಾಲು ಸಾಬೂನನ್ನೆಲ್ಲ ಹೆಸರು ಮುಂದೆ ಕಾಣುವಂತೆ ತಿರುಗಿಸಿಟ್ಟಿದ್ದೆ. ಒಬ್ಬ ಒಮಾನಿ ಹೆಂಗಸು ನನ್ನನ್ನು ಅಂಗಡಿಯವಳೆಂದು ತಿಳಿದು ಶಾಂಪೂ ಎಲ್ಲಿದೆ ಎಂದು ಕೇಳಿದಳು. ನಾನು ತೋರಿಸಿಯೂ ಕೊಟ್ಟೆ. ಶಮಾ, ನಿಹಾಲ್, ಕಳೆದ ಚಳಿಗಾಲದಲ್ಲಿ ಇದೇ ಕೈ ನಿಮ್ಮನ್ನು ಒಂದು ದ್ವೀಪದಲ್ಲಿ ಬಿಟ್ಟು ಬರುವುದರಲ್ಲಿತ್ತು. ಅಂದು ಅಜ್ಜಿ ಯಾಕೆ ಅತ್ತಳು ಎಂದು ನೀವು ಕೇಳಿದಾಗ ಕಣ್ಣಿಗೆ ಉಪ್ಪುಗಾಳಿ ಬಡಿಯಿತು ಅಂದಿದ್ದೆ. ಬಾಯಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಹಡಗಿನ ಯೋಚನೆ ನಿಮ್ಮ ಅಪ್ಪನದು. ಅಲ್ ಖೌದ್‌ನ ನಿಮ್ಮ ಫ್ಲಾಟಿನಲ್ಲಿ ನಾನು ಕೂತಲ್ಲೇ ಕೂರುತ್ತೇನೆಂದು ಅವನಿಗೆ ಬೇಸರ. "ಅಮ್ಮ, ಇದು ದೊಡ್ಡ ಹಡಗಲ್ಲ, ನಲವತ್ತೇ ಜನ. ಪೆಸಿಫಿಕ್ ಸಾಗರದಲ್ಲಿ ಪಾಲಿನೇಶ್ಯ ಅಂತ ಇದೆ, ಅಲ್ಲಿ ಯಾರೂ ಹೋಗದ ದ್ವೀಪಗಳಿಗೆ ಜನರನ್ನು ಕರೆದುಕೊಂಡು ಹೋಗುವ ಹಡಗು. ಈ ಸಲ ನಮ್ಮ ಕಡೆ ಬಂದಿದೆ. ಸೂರ್‌ನಲ್ಲಿ ಹತ್ತಿ ಮಸೀರಾ ದ್ವೀಪದ ಆಚೆಯವರೆಗೆ ಹೋಗಿಬರುವುದು" ಎಂದ. "ಯಾರೂ ಹೋಗದ ಕಡೆಗೆ ನಾವು ಯಾಕೆ ಹೋಗಬೇಕು ಮಾರಾಯ?" ಎಂದೆ. "ಅಜ್ಜೀ, ದಟ್ಸ್ ದ ಪಾಯಿಂಟ್!" ಎಂದ ನಿಹಾಲ್. ನನಗೆ ಪಾಯಿಂಟ್ ಹೊಳೆಯಲಿಲ್ಲ, ಆದರೂ ಹೊರಟೆ. ನಿಮ್ಮ ಅಮ್ಮ ನನ್ನ ಚೀಲಕ್ಕೆ ವಾಂತಿಯ ಮಾತ್ರೆ ಹಾಕಿದಳು. ನಾನು ಅವಳಿಗೆ ಕಾಣದಂತೆ ಒಂದು ಕರಡಿಗೆ ನಿಂಬೆ ಉಪ್ಪಿನಕಾಯಿ ಹಾಕಿದೆ.

ಮೊದಲ ಸಂಜೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಪಾಠ ಮಾಡಿದರು. ಪಾಠ ಹೇಳಿದವಳು ತೆಹಾನಿ. ಪ್ರಯಾಣಿಕರನ್ನು ದ್ವೀಪಕ್ಕೆ ಇಳಿಸಿ ಹತ್ತಿಸುವ ಜವಾಬ್ದಾರಿಯೆಲ್ಲ ಅವಳದು. ಪಾಲಿನೇಶ್ಯದ ಒಂದು ದ್ವೀಪದಲ್ಲೇ ಹುಟ್ಟಿದವಳು, ಬಾಗಿಲು ತುಂಬುವಂಥ ಆಳು, ನಕ್ಕರೆ ಚಾದ ಕಪ್ಪು ನಡುಗಬೇಕು. ಪಾಠದ ಮೊದಲು ತನ್ನ ಊರಿನ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದಳು. ನೋಡುತ್ತೇನೆ, ಜೀಗುಜ್ಜೆ, ಅದೇ ದೀವಿ ಹಲಸು! ಪಕ್ಕದಲ್ಲಿ ಕೆಸುವಿನ ಎಲೆ, ಹಿಂದೆ ತೆಂಗು. ಭೂಮಿಯ ಆ ತುದಿಯಲ್ಲೂ ಕಾಪುವಿನ ನಮ್ಮ ಮನೆಯ ಹಿತ್ತಿಲೇ ಇದೆ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಇವರು ಇದರ ಪೋಡಿ ಕರಿಯುತ್ತಾರೋ ಇಲ್ಲವೋ, ಕರಿದರೆ ಅಕ್ಕಿಹಿಟ್ಟು ಹಾಕುತ್ತಾರೋ ಕಡಲೆಹಿಟ್ಟೋ ಎಂದು ಯೋಚಿಸುತ್ತಾ ಕೂತುಬಿಟ್ಟೆ. ಅಷ್ಟರಲ್ಲಿ ಪಾಠ ಮುಗಿದಿತ್ತು. ಏಳನೇ ಕ್ಲಾಸಿನಲ್ಲಿ ಭೂಗೋಳ ತಪ್ಪಿಸಿಕೊಂಡದ್ದೂ ಹೀಗೆಯೇ. ಕಿಟಕಿಯ ಹೊರಗೆ ಒಂದು ಪೇರಳೆ ಮರವಿತ್ತು.

ಮರುದಿನ ಬೆಳಿಗ್ಗೆ ಹಡಗು ಒಂದು ಬೋಳು ದ್ವೀಪದೆದುರು ಲಂಗರು ಹಾಕಿತು. ದಡಕ್ಕೆ ಹೋಗಲು ರಬ್ಬರಿನ ದೋಣಿ. ಅದಕ್ಕೆ ಇಳಿಯಬೇಕಾದರೆ ದೋಣಿಯವನ ಮುಂಗೈಯನ್ನು ನಾವು ಹಿಡಿಯಬೇಕು, ನಮ್ಮ ಮುಂಗೈಯನ್ನು ಅವನು ಹಿಡಿಯಬೇಕು. ಬೆರಳು ಹಿಡಿದರೆ ಜಾರುತ್ತದಂತೆ. ನಿಮ್ಮ ಅಜ್ಜನ ಕೈಯನ್ನೇ ನಾನು ನಾಲ್ಕು ಜನರೆದುರು ಹಿಡಿದವಳಲ್ಲ. ಮದುವೆಯಲ್ಲಿ ಒಮ್ಮೆ ಹಿಡಿಸಿದ್ದರು, ಅದೂ ಪುರೋಹಿತರ ಒತ್ತಾಯಕ್ಕೆ. ಆ ದೋಣಿಯವನೋ ತೋಳು ತುಂಬ ಮೀನಿನ ಚಿತ್ರ ಹಚ್ಚೆ ಹಾಕಿಸಿಕೊಂಡಿದ್ದ. "ಮಂಡಿನೋವು, ನೀವು ಹೋಗಿಬನ್ನಿ" ಎಂದುಬಿಟ್ಟೆ. ನೀವು ನಾಲ್ವರೂ ಹೋದಿರಿ. ಮಂಡಿ ಚೆನ್ನಾಗಿಯೇ ಇತ್ತು.

ದೋಣಿಗೆ ಇಳಿಯುವ ಬಾಗಿಲ ಪಕ್ಕದಲ್ಲಿ ಒಂದು ಬೆಂಚು. ನೀರಿನಲ್ಲಿ ಕಾಲಿಟ್ಟು ನಡೆಯಬೇಕಾದ್ದರಿಂದ ಎಲ್ಲರೂ ತಮ್ಮ ಶೂ ಬಿಚ್ಚಿ ಬೆಂಚಿನಡಿ ಇಟ್ಟು, ಹಡಗಿನವರು ಕೊಟ್ಟ ರಬ್ಬರ್ ಚಪ್ಪಲಿ ಮೆಟ್ಟಿ ಹೋಗಿದ್ದರು. ನಾನು ಆ ಬೆಂಚಿನ ಮೇಲೆ ಕೂತೆ. ಊಟದ ಕೋಣೆಯ ಫೆಲಿಕ್ಸ್ ಬಂದ. ಉಡುಪಿ ಕಡೆಯ ಕೊಂಕಣಿಯವನು, ಇಬ್ಬರು ಮಕ್ಕಳ ತಂದೆ, ನಿಮ್ಮ ಅಪ್ಪನ ವಾರಿಗೆಯವನು. "ಎಂಥ ಅಮ್ಮ, ಒಬ್ಬರೇ ಕೂತದ್ದು? ಚಾ ತರ್ಲಾ?" ಎಂದ. ತಂದೂ ಕೊಟ್ಟ. ಚಾ ಮುಗಿಯಿತು. ಸಮುದ್ರ ಎಷ್ಟು ಹೊತ್ತು ನೋಡುವುದು? ಅದರಲ್ಲಿ ಓರಣ ಮಾಡುವಂಥದ್ದೇನೂ ಇರಲಿಲ್ಲ. ಆಗ ಗೋಡೆಯ ಮೇಲಿನ ಹಲಗೆ ಕಣ್ಣಿಗೆ ಬಿತ್ತು.

ಹಲಗೆಯ ತುಂಬ ಮೊಳೆಗಳು, ಒಂದೊಂದು ಮೊಳೆಗೆ ಒಂದೊಂದು ನಂಬರಿನ ಬಿಲ್ಲೆ. ಬಿಲ್ಲೆಯ ಒಂದು ಬದಿ ಬಿಳಿ, ಇನ್ನೊಂದು ಬದಿ ಕೆಂಪು. ಕೆಲವು ಬಿಳಿ ತೋರಿಸುತ್ತಿದ್ದವು, ಹೆಚ್ಚಿನವು ಕೆಂಪು. ನೋಡಿದರೆ ಮಕ್ಕಳು ಆಟವಾಡಿ ಹೋದಂತಿತ್ತು. ಇಷ್ಟು ಚಂದದ ಹಡಗಿನಲ್ಲಿ ಇದೆಂಥ ಅವತಾರ ಎಂದುಕೊಂಡು, ಯಾರೂ ಇಲ್ಲದ್ದು ನೋಡಿ, ಎದ್ದು ಎಲ್ಲವನ್ನೂ ಬಿಳಿ ಬದಿಗೆ ತಿರುಗಿಸಿದೆ. ಎರಡು ಬಿಲ್ಲೆಗಳ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದೆ. ಹಿಂದೆ ಸರಿದು ನಿಂತು ನೋಡಿದೆ. ಬಹಳ ತೃಪ್ತಿಯಾಯಿತು. ಒಂದು ನಿದ್ದೆ ತೆಗೆಯೋಣವೆಂದು ಕೋಣೆಗೆ ಹೋದೆ.

ಎಚ್ಚರವಾದಾಗ ಗಾಳಿ ಜೋರಾಗಿತ್ತು, ಹಡಗು ಓಲಾಡುತ್ತಿತ್ತು. ದೋಣಿಗಳು ಹಿಂದಿರುಗಿದ್ದವು, ಊಟದ ಕೋಣೆಯಲ್ಲಿ ಮಾತು, ನಗು, ಸೂಪಿನ ವಾಸನೆ. ನಿಮ್ಮನ್ನು ಹುಡುಕಿದೆ. ಅಲ್ಲಿ ಇಲ್ಲ, ಕೋಣೆಯಲ್ಲೂ ಇಲ್ಲ. ಫೆಲಿಕ್ಸನನ್ನು ಕೇಳಿದರೆ, "ಎಲ್ಲರೂ ಬಂದಾಯ್ತು ಅಮ್ಮ, ಇಲ್ಲೇ ಎಲ್ಲೋ ಇರ್ತಾರೆ. ಗಾಳಿ ಎದ್ದಿದೆಯಲ್ಲ, ಕ್ಯಾಪ್ಟನ್ ಲಂಗರು ಎತ್ತಿ ಬೇರೆ ಕಡೆ ಹೋಗ್ತಾರಂತೆ. ಯಲ್ಲಾ, ಬನ್ನಿ, ನೀವು ಊಟಕ್ಕೆ ಕೂತ್ಕೊಳ್ಳಿ" ಎಂದ. ನಾನು ಊಟಕ್ಕೆ ಕೂರದೆ ಬೆಂಚಿನ ಕಡೆ ಹೋದೆ. ನಮ್ಮ ಕಡೆ ಮನೆಯೊಳಗೆ ಎಷ್ಟು ನೆಂಟರಿದ್ದಾರೆಂದು ತಿಳಿಯಲು ಯಾರೂ ಒಳಗೆ ಇಣುಕುವುದಿಲ್ಲ, ಅಂಗಳದ ಚಪ್ಪಲಿ ನೋಡಿದರೆ ಸಾಕು. ಬೆಂಚಿನಡಿ ಹನ್ನೊಂದು ಜೊತೆ ಶೂ ಹಾಗೇ ಇದ್ದವು. ಅವುಗಳಲ್ಲಿ ಲೇಸಿಗೆ ಏಳು ಗಂಟು ಹಾಕಿದ ನಿಹಾಲನ ನೀಲಿ ಶೂ. ಅದರ ಪಕ್ಕ ಶಮಾಳದು. ಆಗ ಹಡಗಿನ ಮೂತಿಯ ಕಡೆಯಿಂದ ಗರಗರ ಎಂದು ಸರಪಳಿ ಎಳೆಯುವ ಸದ್ದು ಶುರುವಾಯಿತು.

ಹೇಗೆ ಓಡಿದೆನೋ ಗೊತ್ತಿಲ್ಲ. "ಫೆಲಿಕ್ಸ್, ಮಕ್ಕಳು ಬಂದಿಲ್ಲ! ಹನ್ನೊಂದು ಜನ ಬಂದಿಲ್ಲ!"

"ಹೆದರಬೇಡಿ ಅಮ್ಮ. ಇಳಿಯುವಾಗ ಬಿಲ್ಲೆ ಕೆಂಪಿಗೆ ತಿರುಗಿಸ್ತಾರೆ, ಬಂದ ಮೇಲೆ ಬಿಳಿಗೆ. ಈಗ ಪೂರಾ ಬಿಳಿ ಉಂಟು. ಬೋರ್ಡ್ ಸುಳ್ಳು ಹೇಳುವುದಿಲ್ಲ."

ನಲವತ್ತು ಜನರ ಹಡಗಿನ ಊಟದ ಕೋಣೆಯ ನಡುವೆ ನಿಂತು, ಜೀವಮಾನದಲ್ಲೇ ಮೊದಲ ಬಾರಿಗೆ ಗಟ್ಟಿಯಾಗಿ ಕೂಗಿದೆ: "ಬೋರ್ಡ್ ಸುಳ್ಳು ಹೇಳುತ್ತದೆ ಮಾರಾಯ! ನಾನೇ ಹೇಳಿಸಿದ್ದು! ಎಲ್ಲವನ್ನೂ ನಾನೇ ತಿರುಗಿಸಿದೆ. ಮೊದಲು ಹಡಗು ನಿಲ್ಲಿಸು!"

ತೆಹಾನಿ ಎದ್ದು ಬಂದಳು. ಫೆಲಿಕ್ಸ್ ಅವಳಿಗೆ ಇಂಗ್ಲಿಷಿನಲ್ಲಿ ಪಟಪಟನೆ ಹೇಳಿದ, ಬಾಗಿಲಿಗೆ ಕರೆದುಕೊಂಡು ಹೋಗಿ ಶೂಗಳನ್ನು ತೋರಿಸಿದ. ಅವಳು ಬಗ್ಗಿ ನೋಡಿದ್ದೇ ಸೊಂಟದ ರೇಡಿಯೋ ಎತ್ತಿ ಎರಡೇ ಮಾತು ಹೇಳಿದಳು. ಗರಗರ ನಿಂತಿತು. ಮೀನಿನ ತೋಳಿನವನು ದೋಣಿ ಹಾರಿಸಿಕೊಂಡು ಹೋದ. ನೀವೆಲ್ಲ ಗುಡ್ಡದ ಆಚೆ ಆಮೆಯ ಜಾಡು ನೋಡುತ್ತಾ ಹಾಯಾಗಿದ್ದಿರಿ. ನಿಮ್ಮ ಜೊತೆಗಿದ್ದ ಗೈಡಿನ ರೇಡಿಯೋಕ್ಕೆ ಅಲ್ಲಿ ಸದ್ದು ಸಿಗುತ್ತಿರಲಿಲ್ಲ. ನಿಮ್ಮನ್ನು ಹತ್ತಿಸಿಕೊಂಡ ದೋಣಿ ಬಂದಾಗ ನಾನು ಅಳುತ್ತಾ ಬಾಗಿಲಲ್ಲಿ ಬಗ್ಗಿ ಕೈಗೆ ಸಿಕ್ಕ ಮುಂಗೈಯನ್ನೆಲ್ಲ ಹಿಡಿದು ಎಳೆದೆ. ಒಂದು ಕೈ ತುಂಬ ಭಾರವಾಗಿತ್ತು. ನೋಡಿದರೆ ಅದರ ಮೇಲೆ ಮೀನುಗಳು. "ಅಜ್ಜೀ, ಹಿ ಈಸ್ ದ ಡ್ರೈವರ್, ಬಿಡಿ ಅವರನ್ನು!" ಎಂದು ಶಮಾ ಬೈದಳು.

ಎಲ್ಲ ತಣ್ಣಗಾದ ಮೇಲೆ ಫೆಲಿಕ್ಸನನ್ನು ಮೂಲೆಗೆ ಕರೆದು, "ನಾನು ಮಾಡಿದ್ದನ್ನು ಆ ಹುಡುಗಿಗೆ ಸರಿಯಾಗಿ ಹೇಳಿದೆಯಾ? ನೀನು ಶೂ ತೋರಿಸಿದ್ದು ಕಂಡೆ, ಹಲಗೆ ತೋರಿಸಿದ್ದು ಕಾಣಲಿಲ್ಲ" ಎಂದು ಕೇಳಿದೆ. "ಗಾಳಿಗೆ ಬಿಲ್ಲೆ ತಿರುಗಿತು ಅಂದೆ ಅಮ್ಮ. ಮೊದಲು ಬಂದವರೂ ತಮ್ಮ ಬಿಲ್ಲೆ ಆಗಲೇ ಬಿಳಿ ಇದ್ದದ್ದು ಕಂಡು, ಜೊತೆಯವರು ತಿರುಗಿಸಿದ್ದು ಅಂದುಕೊಂಡರಂತೆ. ನಾನು ಒಡೆದ ಕಪ್ಪನ್ನೆಲ್ಲ ಗಾಳಿಯೇ ಒಡೆದದ್ದು. ಅದಕ್ಕೆ ಇದೊಂದು ಭಾರವಾ? ಖಲಾಸ್, ಬಿಡಿ" ಎಂದ. ಕೋಣೆಯ ತುಂಬ ಕನ್ನಡ ಬಲ್ಲವರು ನಾವಿಬ್ಬರೇ ಇದ್ದದ್ದು ಅವನಿಗೆ ಅನುಕೂಲವಾಗಿತ್ತು. ಮರುದಿನದಿಂದ ಹಲಗೆಯ ಮುಂದೆ ಗಾಳಿಗೆ ಅಡ್ಡವಾಗಿ ಒಂದು ಗಾಜು ಬಂತು. ಅದನ್ನು ನೋಡಿದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತಿತ್ತು.

ನೀವು ದ್ವೀಪದಿಂದ ಮರಳಿದ ದಿನವೇ ಸಂಜೆ ತೆಹಾನಿ ಎಲ್ಲರೆದುರು ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ಯಂತ್ರಗಳಿಗೆ ತಿಳಿಯದ್ದು ಒಬ್ಬ ಅಜ್ಜಿಗೆ ಚಪ್ಪಲಿ ನೋಡಿ ತಿಳಿಯಿತು ಎಂದಳಂತೆ. ಚಪ್ಪಾಳೆಯೋ ಚಪ್ಪಾಳೆ. ನಿಮ್ಮ ಅಪ್ಪ ಕಣ್ಣೊರೆಸಿಕೊಂಡ. ನಾನು ತಲೆ ಬಗ್ಗಿಸಿದೆ, ಅದನ್ನೂ ವಿನಯವೆಂದುಕೊಂಡರು. ಆಮೇಲೆ ಅವಳು ಒಂದು ಬಿಳಿಯ ಬಟ್ಟೆಯ ಹೂವನ್ನು ನನ್ನ ಬಲಗಿವಿಯ ಹಿಂದೆ ಸಿಕ್ಕಿಸಿದಳು. ನಿಮ್ಮ ಅಜ್ಜ ಹೋದ ಮೇಲೆ ನಾನು ಹೂ ಮುಡಿದಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ನನಗೇ ಸಂಕೋಚ. ಆದರೆ ಅಂದು ಕಿಟಕಿಯ ಗಾಜಿನಲ್ಲಿ ಎರಡು ಸಲ ನೋಡಿಕೊಂಡೆ. ಚಂದವೇ ಇತ್ತು. ಜನ ಕೂಡ ಯಾಕೋ ಹೆಚ್ಚು ಮರ್ಯಾದೆ ಕೊಟ್ಟರು. ಉಣ್ಣೆಯ ಕಾಲುಚೀಲದ ಬಿಳಿಗಡ್ಡದ ದೊರೆಯೊಬ್ಬರಂತೂ ತಮ್ಮ ತಟ್ಟೆ ಎತ್ತಿಕೊಂಡು ನಮ್ಮ ಮೇಜಿಗೇ ಬಂದು ನನಗೆ ಕಿತ್ತಳೆ ರಸ ಬಗ್ಗಿಸಿದರು, ತಲೆಬಾಗಿ ನಕ್ಕರು. ನಾನೂ ನಕ್ಕೆ.

ಆಗ ಶಮಾ ನನ್ನ ತೋಳು ಜಗ್ಗಿದಳು. "ಅಜ್ಜೀ, ತೆಹಾನಿ ಊರಲ್ಲಿ ಎಡಗಿವಿಯಲ್ಲಿ ಹೂ ಇದ್ದರೆ ಮ್ಯಾರೀಡ್ ಅಂತ ಅರ್ಥ. ರೈಟ್ ಇಯರ್ ಅಂದರೆ ಸಿಂಗಲ್, ನೋಡ್ತಾ ಇದ್ದೀನಿ ಅಂತ! ಪಾಠದಲ್ಲಿ ಹೇಳಿದ್ರಲ್ಲ, ಎಲ್ಲರಿಗೂ ಗೊತ್ತು. ಬೇಗ ಎಡಕ್ಕೆ ಹಾಕಿ!"

ಕೈ ಕಿವಿಯವರೆಗೆ ಹೋಯಿತು. ಎಡಕ್ಕೆ ಹಾಕಿದರೆ ಗಂಡ ಇದ್ದಾನೆ ಎಂದಂತಾಗುತ್ತದೆ, ಅದು ನಿಜವಲ್ಲ. ಗಾಳಿಯ ಲೆಕ್ಕದಲ್ಲಿ ಒಂದು ಸುಳ್ಳನ್ನು ಆಗಲೇ ನುಂಗಿ ಕೂತಿದ್ದೆ, ಒಂದೇ ದಿನ ಎರಡನೆಯದು ಬೇಡವೆನಿಸಿತು. ಹೂವನ್ನು ಬಲಗಿವಿಯಲ್ಲೇ ಬಿಟ್ಟು, ಕಿತ್ತಳೆ ರಸವನ್ನು ಪೂರ್ತಿ ಕುಡಿದೆ.