ಹಾರ್ಮೋನಿಯಂ ಗುರುತಿಗೆ ನಾನು ಸಲ್ಲಿಸಿದ ಸೇವೆ

ರಾಜಕೀಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗ ಸಾತನೂರಿನ ಸುತ್ತ ಎಲ್ಲಿ ನೋಡಿದರೂ ಹಿಪ್ಪುನೇರಳೆ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ದವನು ಹೆಂಡತಿಗೆ ಓಲೆಯನ್ನೋ ಮನೆಗೆ ರೇಡಿಯೋವನ್ನೋ ತರದೆ ಹಿಂದಿರುಗುತ್ತಿರಲಿಲ್ಲ. ಅಷ್ಟರಲ್ಲಿ ಪರದೇಶದ ರೇಷ್ಮೆ ಬರುತ್ತದಂತೆ, ಇನ್ನು ನಮ್ಮ ಗೂಡನ್ನು ಮೂಸಿ ನೋಡುವವರೂ ಇರುವುದಿಲ್ಲವಂತೆ ಎಂಬ ಸುದ್ದಿ ಹಬ್ಬಿತು. ಇದನ್ನು ಡೆಲ್ಲಿಯಲ್ಲಿ ಕೇಳಿ ಎಂದು ಹೇಳಲು ಹೋದ ನಮ್ಮನ್ನು ನಮ್ಮ ಎಂ.ಪಿ. ಸಾಹೇಬರು ಗೇಟಿನ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿ, ತಾವು ಹಿಂಬಾಗಿಲಿನಿಂದ ಕಾರು ಹತ್ತಿ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು.

ಲೋಕಸಭೆ ಚುನಾವಣೆ ಬಂತು. ಎಂ.ಪಿ.ಯ ಎದುರು ಇನ್ನೊಂದು ದೊಡ್ಡ ಪಕ್ಷದಿಂದ ನಿವೃತ್ತ ಮೇಷ್ಟ್ರೊಬ್ಬರು ನಿಂತರು. ಸಜ್ಜನರು, ತಾವೇ ಹುಳು ಸಾಕುವವರು. ತೆಪ್ಪಗೆ ಅವರಿಗೆ ವೋಟು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಚನ್ನಪಟ್ಟಣದ ವಕೀಲರೊಬ್ಬರು ರೇಷ್ಮೆ ಬೆಳೆಗಾರರದ್ದೇ ಒಂದು ಪುಟ್ಟ ಪಕ್ಷ ಕಟ್ಟಿ ತಾವೂ ನಿಂತುಬಿಟ್ಟರು. ದೊಡ್ಡ ಪಕ್ಷಗಳೆರಡೂ ಒಂದೇ ತಿಪ್ಪೆಯ ಕೋಳಿಗಳು ಎಂದು ಅವರು ಗುಡುಗಿದ್ದು ನನ್ನ ಎದೆಗೆ ನಾಟಿತು. ಅಂದೇ ನಾನು ಸಾತನೂರು ಭಾಗದ ಪ್ರಧಾನ ಸಂಚಾಲಕನಾದೆ. ಅಪ್ರಧಾನ ಸಂಚಾಲಕರು ಯಾರೂ ಇರಲಿಲ್ಲ.

ಗುರುತಿಗಾಗಿ ನಾವು ಹುಳು ಗೂಡು ಕಟ್ಟುವ ಚಂದ್ರಿಕೆಯನ್ನು ಕೇಳಿದ್ದೆವು. ಹಾರ್ಮೋನಿಯಂ ಕೊಟ್ಟರು.

"ಹಾಡೋರ್ ಯಾರ್ಲಾ?" ಎಂದ ಪಕ್ಕದ ಮನೆಯ ಚಿಕ್ಕೇಗೌಡ. ಅವನು ಮೇಷ್ಟ್ರ ಕಡೆಯವನು. ಹೊಟ್ಟೆಕಿಚ್ಚು ಎಂದುಕೊಂಡೆ.

ಮನೆಯಲ್ಲಿ ಹುಳುಗಳು ಕೊನೆಯ ಜ್ವರದಿಂದ ಪೊರೆ ಕಳಚಿ ಎದ್ದು ಬಕಾಸುರನಂತೆ ಸೊಪ್ಪು ಮೇಯುತ್ತಿದ್ದವು. ನನ್ನ ಹೆಂಡತಿ ಜಯಮ್ಮ ಒಬ್ಬಳೇ ಸೊಪ್ಪು ಕೊಯ್ದು ಹಾಕುತ್ತಿದ್ದಳು. ನಿಮ್ಮ ವಕೀಲರು ಗೆಲ್ಲುತ್ತಾರಾ ಎಂದು ಅವಳು ಕೇಳಿದಾಗ ನಾನು ತತ್ತ್ವ, ಸಿದ್ಧಾಂತ, ಮುಂದಿನ ಪೀಳಿಗೆ ಎಂದೆಲ್ಲ ವಿವರಿಸಿದೆ. ಅವಳು ಸೊಪ್ಪು ಹರಡುತ್ತಲೇ ಪೂರ್ತಿ ಕೇಳಿಸಿಕೊಂಡಳು.

"ಗೆಲ್ಲಕಿಲ್ಲ ಅನ್ನಿ. ಹಂಗಾರೆ ನೀವು ಕಿತ್ಕೊಳೋ ವೋಟು ಯಾರ್ದು? ಎಂ.ಪಿ.ದಾ, ಮೇಷ್ಟ್ರದಾ?"

ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ಪ್ರಧಾನ ಸಂಚಾಲಕರು ಉತ್ತರಿಸುವುದಿಲ್ಲ. ಟವೆಲು ಕೊಡವಿ ಹೊರಟೆ.

ಅದೇ ವಾರ ಕನಕಪುರದಿಂದ ಸಫಾರಿ ಸೂಟಿನವರೊಬ್ಬರು ಬಂದರು. ತಾವು ರೈತರ ಅಭಿಮಾನಿ, ಹೆಸರು ಬೇಡ ಎಂದು ಕೈಮುಗಿದು, ಮೈಕು ಕಟ್ಟಿದ ಜೀಪು, ಡ್ರೈವರು, ಡೀಸೆಲ್ಲು ಎಲ್ಲವನ್ನೂ ಬಿಟ್ಟುಹೋದರು. ನನ್ನ ಕಣ್ಣು ತುಂಬಿ ಬಂತು. ಡ್ರೈವರಿಗೆ ಹಳ್ಳಿಹಳ್ಳಿಯೂ ಗೊತ್ತಿತ್ತು. ಮೇಷ್ಟ್ರಿಗೆ ಬೆಂಬಲ ಇದ್ದ ಒಂದು ಊರನ್ನೂ ಅವನು ತಪ್ಪಿಸಲಿಲ್ಲ. ಎಂ.ಪಿ.ಯ ಕಡೆಯ ಊರುಗಳಿಗೆ ತಿರುಗಿಸಪ್ಪಾ ಎಂದರೆ ಮಾತ್ರ ರೋಡು ಸರಿಯಿಲ್ಲ ಎನ್ನುತ್ತಿದ್ದ. ಪಾಪ, ಜೀಪಿನ ಮೇಲೆ ಎಷ್ಟು ಕಾಳಜಿ!

ಮತದಾನ ಹತ್ತಿರವಾದಂತೆ ಜನ ಜಾರತೊಡಗಿದರು. ಹಾರ್ಮೋನಿಯಂಗೆ ಹಾಕಿದರೆ ವೋಟು ಬಾವಿಗೆ ಹಾಕಿದಂತೆ, ಎಂ.ಪಿ. ಸೋಲಬೇಕಾದರೆ ಮೇಷ್ಟ್ರಿಗೇ ಒತ್ತಬೇಕು ಎಂದು ಚಿಕ್ಕೇಗೌಡ ಮನೆಮನೆಗೆ ಹೇಳಿಕೊಂಡು ಬಂದಿದ್ದ. ಎಷ್ಟೋ ಊರಿನವರು ಅವನ ಮಾತಿನಂತೆಯೇ ನಡೆದುಕೊಂಡರಂತೆ. ಆದರೆ ನಮ್ಮ ಊರಿನಲ್ಲಿ ಅಂಥ ಅನಾಹುತ ಆಗಲು ನಾನು ಬಿಡುತ್ತೇನೆಯೇ? ಎಲ್ಲರನ್ನೂ ಅರಳಿಕಟ್ಟೆಗೆ ಕರೆದು, ಹಿಪ್ಪುನೇರಳೆ ಸೊಪ್ಪು ಮುಟ್ಟಿಸಿ ಆಣೆ ಮಾಡಿಸಿದೆ. ನಮ್ಮ ಜನ ಮಾತಿಗೆ ತಪ್ಪುವವರಲ್ಲ. ಎದೆಯುಬ್ಬಿಸಿ ಮನೆಗೆ ಬಂದೆ.

ಎಣಿಕೆಯ ದಿನ ಗೂಡು ಮಾರಲು ರಾಮನಗರಕ್ಕೆ ಹೋಗಿದ್ದೆ. ನಮ್ಮ ಗೂಡು ಕೊಳ್ಳುತ್ತಿದ್ದ, ನೂಲು ಬಿಚ್ಚುವ ಕಾರ್ಖಾನೆಯ ರಹಮತ್ ಸಾಬರು ರೇಡಿಯೋಗೆ ಕಿವಿಯಾನಿಸಿ ಕೂತಿದ್ದರು. ಎಂ.ಪಿ. ಕೂದಲೆಳೆಯಲ್ಲಿ ಗೆದ್ದಿದ್ದರು. ಮೇಷ್ಟ್ರು ಸೋತಿದ್ದರು. ಹಾರ್ಮೋನಿಯಂ ಠೇವಣಿ ಕಳೆದುಕೊಂಡಿತ್ತು. ಆದರೂ ಅದಕ್ಕೆ ಬಿದ್ದ ವೋಟಿನಲ್ಲಿ ಒಂದು ಪಾಲು ಮೇಷ್ಟ್ರಿಗೆ ಬಿದ್ದಿದ್ದರೂ ಅವರು ಡೆಲ್ಲಿಗೆ ಹೋಗುತ್ತಿದ್ದರು.

ರಹಮತ್ ಸಾಬರು ರೇಡಿಯೋ ಆರಿಸಿದರು. "ಗೌಡ್ರೇ, ನಿಮ್ಮ ಮಾತು ಕೇಳಿ ನಮ್ಮ ಬೀದಿ ಪೂರಾ ಬಾಜಾಪೆಟ್ಟಿಗೆಗೇ ಹಾಕಿಸ್ದೆ. ಈಗ ಎಂ.ಪಿ.ನ ಗೆಲ್ಸಿದ್ದು ನಾನಾ, ನೀವಾ?"

ಬಸ್ಸಿನಲ್ಲಿ ಕೂತು ಊರು ಸೇರುವವರೆಗೂ ನಾನು ಎಲ್ಲರನ್ನೂ ಬೈದೆ. ವೋಟು ಒಡೆದ ಚಿಕ್ಕೇಗೌಡನನ್ನು ಬೈದೆ. ಆಣೆ ಉಳಿಸಿಕೊಂಡ ಊರಿನವರನ್ನೂ ಬೈದೆ. ನಮಗೆ ಬೇಡದವನೊಬ್ಬನನ್ನು ನಮ್ಮ ಕೈಯಿಂದಲೇ ಗೆಲ್ಲಿಸುವುದು ಎಂಥ ಚುನಾವಣೆ, ಎಂಥ ಅನ್ಯಾಯ!

ಮರುದಿನ ವಿಜಯದ ಮೆರವಣಿಗೆ ನಮ್ಮ ಊರಿಗೆ ಬಂತು. ಮುಂದೆ ನಾನು ಊರೂರು ಸುತ್ತಿದ್ದ ಅದೇ ಜೀಪು, ಅದೇ ಡ್ರೈವರು. ಪಕ್ಕದಲ್ಲಿ ಸಫಾರಿ ಸೂಟಿನ ಅಭಿಮಾನಿ. ಅವರು ನನ್ನತ್ತ ಬೆರಳು ತೋರಿಸಿ ಎಂ.ಪಿ.ಯ ಕಿವಿಯಲ್ಲಿ ಏನೋ ಹೇಳಿದರು. ಎಂ.ಪಿ. ಇಳಿದು ಬಂದು, ಇಡೀ ಊರಿನ ಎದುರು ನನ್ನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು.

"ನಿಮ್ಮ ಉಪಕಾರ ಮರೆಯಲ್ಲ ಗೌಡ್ರೇ."

ಅವರ ಮುಖಕ್ಕೆ ಹೊಡೆಯುವಂಥ ಖಂಡನಾ ಭಾಷಣವೊಂದು ನನ್ನ ಗಂಟಲಿನಲ್ಲಿ ಸಿದ್ಧವಾಗಿತ್ತು. ಬಾಯಿ ತೆರೆದೆ. ಸಫಾರಿ ಸೂಟಿನವರು ಅದರೊಳಗೆ ಪೇಡ ತುರುಕಿದರು. ನುಂಗುವಷ್ಟರಲ್ಲಿ ಮೆರವಣಿಗೆ ದಾಟಿಹೋಗಿತ್ತು. ಚಿಕ್ಕೇಗೌಡ ಜಗಲಿಯ ಮೇಲೆ ಕೂತು ನನ್ನನ್ನೇ ನೋಡಿದ, ಅಷ್ಟೆ. ಅದಕ್ಕಿಂತ ಅವನು ಎರಡು ಏಟು ಹಾಕಿದ್ದರೆ ವಾಸಿಯಿತ್ತು.

ಜಯಮ್ಮ ನನ್ನ ಕೊರಳಿನಿಂದ ಹಾರ ತೆಗೆದು ಹಿತ್ತಲಿನ ಆಡಿನ ಮುಂದೆ ಹಾಕಿದಳು. ಆಡು ತಲೆ ತಗ್ಗಿಸಿ, ಆ ಕಡೆಯಿಂದ ಈ ಕಡೆಯವರೆಗೂ ಮೂಸಿ, ಆಮೇಲೆ ಬಾಯಿ ಹಾಕಿತು.

"ನೋಡಿ," ಅಂದಳು ಜಯಮ್ಮ, "ಯಾರೋ ಪುಕ್ಸಟ್ಟೆ ಕೊಟ್ರೆ ಆಡೂ ಒಸಿ ಮೂಸ್ತದೆ."

ನಾನು ಜೀಪು ಹತ್ತಿದ್ದು ಮೂಸದೆಯೇ.